ಸೈಕ್ಲೋನ್ ಟೇಲರ್ ಹತ್ತಿದ ಆ ಹಡಗಿನ ವಿಷಯ ಯಾಕ್ ಬಿಟ್ರಿ?

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಕೆನಡಾದ ಹಳೇ ಐಸ್ ಹಾಕಿ ಪ್ಲೇಯರ್ ಸೈಕ್ಲೋನ್ ಟೇಲರ್ ಬಗ್ಗೆ ಬಂದಿದ್ದ ಬರಹ ಓದ್ದೆ ಸರ್. ಮೊದ್ಲು ಖುಷಿ ಆಯ್ತು ಅಂತ್ಲೇ ಹೇಳ್ಬೇಕು, ಯಾಕಂದ್ರೆ ಕನ್ನಡದ ಪೇಪರ್‌ನಲ್ಲಿ ಐಸ್ ಹಾಕಿ ಬಗ್ಗೆ ಅರ್ಧ ಪುಟ ಬರೋದು ಅಂದ್ರೆ ಬೇಸಿಗೇಲಿ ಆಲಿಕಲ್ಲು ಬಿದ್ದ ಹಾಗೆ, ಅಪರೂಪ. ಬರೆದೋರು ಚೆನ್ನಾಗೂ ಬರ್ದಿದಾರೆ, ಹಿಮ್ಮುಖವಾಗಿ ಸ್ಕೇಟ್ ಮಾಡ್ಕೊಂಡು ಗೋಲ್ ಹೊಡೆದ ಕತೆ, ಅಷ್ಟೊಂದು ಸಂಬಳ ತಗೊಂಡಿದ್ದು, 1915ರಲ್ಲಿ ಸ್ಟ್ಯಾನ್ಲಿ ಕಪ್ ಅನ್ನೋ ಐಸ್ ಹಾಕಿಯ ದೊಡ್ಡ ಕಪ್ ಗೆದ್ದಿದ್ದು ಎಲ್ಲಾ ಇದೆ. ಆದ್ರೆ ಕೊನೇಲಿ ‘ಆಟದ ಜೊತೆಗೆ ಇವರು ಇಮಿಗ್ರೇಷನ್ ಇಲಾಖೆಯಲ್ಲೂ ನೌಕರಿ ಮಾಡುತ್ತಿದ್ದರು’ ಅಂತ ಒಂದು ಸಾಲು ಹಾಕಿ ಮುಗಿಸ್ಬಿಟ್ಟಿದೀರಲ್ಲ, ಆ ನೌಕರೀಲಿದ್ದಾಗ್ಲೇ ಅವನು ನಮ್ಮ ದೇಶದ ಜನ ಇದ್ದ ಕೋಮಗಾಟ ಮಾರು ಹಡಗು ಹತ್ತಿದ್ದು ಎಲ್ಲೂ ಇಲ್ಲ, ಆ ಸಾಲು ಓದಿ ನಂಗೆ ಕಾಫಿ ಕೆಳಗಿಟ್ಟು ಈ ಪತ್ರ ಬರೀಬೇಕು ಅನ್ನಿಸ್ತು.

ನಾನು ಕ್ರೀಡಾ ತಜ್ಞ ಏನಲ್ಲ, ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದೋನು. ಮಗಳು ಅಳಿಯ ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿದಾರೆ, ಎರಡು ಚಳಿಗಾಲ ಅಲ್ಲಿ ಕಳೆದಿದೀನಿ. ಮೊಮ್ಮಗ ಹಾಕಿ ಆಡ್ತಾನೆ, ಬೆಳಿಗ್ಗೆ ಆರು ಗಂಟೆಗೆ ಪ್ರಾಕ್ಟೀಸ್ ಅಂದ್ರೆ ಐದೂಕಾಲಿಗೆಲ್ಲಾ ಏಳ್ಬೇಕು, ಮನೇಲಿ ಎಲ್ರಿಗೂ ಆಫೀಸ್ ಇರತ್ತೆ, ಹಂಗಾಗಿ ವಾರಕ್ಕೆ ಎರಡು ಸಲ ಅಳಿಯ ಡ್ರಾಪ್ ಮಾಡಿ ಹೋದ್ಮೇಲೆ ಅವನ ಶೂ ಲೇಸ್ ಕಟ್ಟೋ ಡ್ಯೂಟಿ ನಂದು. ಆ ಸ್ಕೇಟ್ ಲೇಸ್ ಕಟ್ಟೋದು ಅಂದ್ರೆ ಸಾಮಾನ್ಯ ಕೆಲಸ ಅಲ್ಲ ಸರ್, ಮಂಡಿ ಊರಿ ಕೂತು ಆ ಮೇಣ ಹಚ್ಚಿದ ದಾರಾನ ಒಂದೊಂದೇ ತೂತಿಂದ ಎಳ್ಕೊಂಡು ಬರ್ಬೇಕು, ಬೆರಳಲ್ಲಿ ಗೆರೆ ಬೀಳತ್ತೆ, ಸಡಿಲ ಆದ್ರೆ ‘ಟೈಟ್ ಮಾಡು ತಾತ’, ಬಿಗಿ ಆದ್ರೆ ‘ನೋಯ್ತಿದೆ ತಾತ’. ಹಿಂಗೆ ಒಂದ್ಸಲ ಅವನಿಗೆ ಹೊಸ ಸ್ಟಿಕ್ ಕೊಡ್ಸೋಕೆ ಹೋದಾಗ ಅಂಗಡಿ ಬೋರ್ಡ್ ಮೇಲೆ ಸೈಕ್ಲೋನ್ ಟೇಲರ್ ಅಂತಿತ್ತು, ಇದೇನಪ್ಪ ಚಂಡಮಾರುತ ಅಂತ ಹೆಸರಿಟ್ಕೊಂಡಿದಾರೆ ಅಂತ ಕೇಳ್ದೆ. ಮೊಮ್ಮಗ ‘ಅವ್ನು ಬ್ಯಾಕ್‌ವರ್ಡ್ ಹೋಗಿ ಗೋಲ್ ಹೊಡ್ದಿದ್ದ’ ಅಂದ. ನಾನು ಅವನ ಬಗ್ಗೆ ಓದೋಕೆ ಶುರು ಮಾಡಿದ್ದು ಅಲ್ಲಿಂದ, ಆ ಊರಿನ ಲೈಬ್ರರಿ ಚೆನ್ನಾಗಿದೆ, ನಂಗೂ ಟೈಮ್ ಬೇಕಾದಷ್ಟಿತ್ತು.

ಈಗ ವಿಷಯಕ್ಕೆ ಬರ್ತೀನಿ. ನೀವು ಬರೆದಿರೋ ರೀತಿಲಿ ಹಾಕಿ ಅವನ ಮುಖ್ಯ ಕೆಲಸ, ಸರ್ಕಾರಿ ನೌಕರಿ ಸೈಡಲ್ಲಿ ಇದ್ದಿದ್ದು. ನಾನು ಓದಿ ತಿಳ್ಕೊಂಡ ಹಾಗೆ ಅದು ಉಲ್ಟಾ, ಅಥವಾ ಅವೆರಡನ್ನೂ ಬೇರೆ ಮಾಡೋಕೇ ಆಗಲ್ಲ. ಫ್ರೆಡ್ ಟೇಲರ್, ಅದೇ ಸೈಕ್ಲೋನ್‌ನ ನಿಜವಾದ ಹೆಸರು, 1884ರಲ್ಲಿ ಒಂಟಾರಿಯೋದ ಟಾರಾ ಅನ್ನೋ ಸಣ್ಣ ಊರಲ್ಲಿ ಹುಟ್ಟಿ ಲಿಸ್ಟೋವೆಲ್ ಅನ್ನೋ ಊರಲ್ಲಿ ಬೆಳೆದೋನು, ಅಪ್ಪ ಊರೂರು ತಿರುಗೋ ಸೇಲ್ಸ್‌ಮನ್, ಇವನು ಹದಿಹರೆಯದಲ್ಲೇ ಪಿಯಾನೋ ಫ್ಯಾಕ್ಟರಿಗೆ ಕೆಲಸಕ್ಕೆ ಸೇರಿದ. ಆಟದಲ್ಲಿ ಹೆಸರು ಮಾಡ್ತಿದ್ದ ಹಾಗೇ ಟೊರಾಂಟೋದ ಒಂದು ಟೀಮಿಗೆ ಬಾ ಅಂತ ಕರೆ ಬಂತು, ಇವನು ಬರಲ್ಲ ಅಂದ, ಅದಕ್ಕೆ ಒಂಟಾರಿಯೋ ಹಾಕಿ ಸಂಸ್ಥೆಯೋರು ಅವನು ಆ ಪ್ರಾಂತ್ಯದಲ್ಲಿ ಎಲ್ಲೂ ಆಡೋ ಹಾಗಿಲ್ಲ ಅಂತ ಮಾಡಿ ಒಂದು ಸೀಸನ್ ಪೂರ್ತಿ ಮನೇಲಿ ಕೂರಿಸಿದ್ರು. ಆಗ ಕೆನಡಾದಲ್ಲಿ ದುಡ್ಡು ತಗೊಂಡು ಆಡೋದು ಅಂದ್ರೆ ಮರ್ಯಾದೆ ಕಮ್ಮಿ ಅಂತ ಲೆಕ್ಕ, ಅಮೆಚೂರ್ ಅಂತ ಬೋರ್ಡ್ ಹಾಕ್ಕೊಂಡು ಹಿಂಬಾಗಿಲಿಂದ ಕೊಡೋದು ತಗೊಳೋದು ಎಲ್ಲಾ ನಡೀತಿತ್ತು ಅದು ಬೇರೆ ಮಾತು. ಬಹಿರಂಗವಾಗಿ ಸಂಬಳ ಕೊಟ್ಟು ಆಡಿಸಿದ ಮೊದಲ ಲೀಗ್ 1904ರಲ್ಲಿ ಶುರು ಆಗಿದ್ದು, ಅದರ ಹೆಚ್ಚಿನ ಟೀಮ್‌ಗಳು ಅಮೆರಿಕದಲ್ಲೇ ಇದ್ದಿದ್ದು. ಟೇಲರ್ ಮ್ಯಾನಿಟೋಬಾದಲ್ಲಿ ಸ್ವಲ್ಪ ದಿನ ಆಡಿ ಆಮೇಲೆ ಮಿಶಿಗನ್‌ನ ಹೌಟನ್ ಅನ್ನೋ ಊರಿಗೆ ಹೋಗಿ ಆ ಲೀಗಿಗೆ ಸೇರ್ಕೊಂಡ, ಸುತ್ತ ತಾಮ್ರದ ಗಣಿ ಇರೋ ಊರು ಅದು, 1906, 1907 ಎರಡು ವರ್ಷಾನೂ ಇವನ ಟೀಮೇ ಚಾಂಪಿಯನ್. 1907ರಲ್ಲಿ ಲೀಗೇ ಮುಚ್ಚೋಯ್ತು.

ಇಲ್ಲೇ ಇದೆ ನೋಡಿ ಸರ್ ಮುಖ್ಯವಾದ ವಿಷಯ. ಒಟ್ಟಾವಾದೋರು ಅವನನ್ನ ತಮ್ಮ ಟೀಮಿಗೆ ಕರ್ಕೊಂಡಾಗ ಬರೀ ಆಟದ ದುಡ್ಡು ತೋರ್ಸ್ಲಿಲ್ಲ, ಕೇಂದ್ರ ಸರ್ಕಾರದ ಇಮಿಗ್ರೇಷನ್ ಇಲಾಖೆಯಲ್ಲಿ ನೌಕರಿ ಗ್ಯಾರಂಟಿ ಅಂದ್ರು. ಹಾಕಿ ಚಳಿಗಾಲದ ಎರಡು ಮೂರು ತಿಂಗಳಿನ ಆಟ, ಕಾಲು ಮುರಿದ್ರೆ ಅಲ್ಲಿಗೆ ಮುಗೀತು, ಲೀಗ್ ಇವತ್ತಿದ್ರೆ ನಾಳೆ ಇಲ್ಲ, ಪಿಯಾನೋ ಫ್ಯಾಕ್ಟರಿಯಿಂದ ಬಂದ ಹುಡುಗನಿಗೆ ಇದೆಲ್ಲಾ ಗೊತ್ತಿಲ್ದೇ ಇರತ್ತಾ?

ಇದು ನಮಗೆ ಹೊಸದೇನಲ್ಲ ಬಿಡಿ, ಸ್ಪೋರ್ಟ್ಸ್ ಕೋಟಾ ಅಂತೀವಲ್ಲ ಅದೇ. ನಮ್ಮ ಬ್ರಾಂಚಲ್ಲೂ ಹಂಗೆ ಬಂದ ಒಬ್ರು ಕಬಡ್ಡಿ ಪ್ಲೇಯರ್ ಇದ್ರು. ಬೆಳಿಗ್ಗೆ ಬಂದು ರಿಜಿಸ್ಟರ್‌ಗೆ ಸೈನ್ ಹಾಕಿ ಹನ್ನೊಂದಕ್ಕೆಲ್ಲ ಗ್ರೌಂಡ್‌ಗೆ ಹೊರಟುಬಿಡೋರು, ನಾವೆಲ್ಲಾ ಹೊಟ್ಟೆ ಉರ್ಕೊಳ್ತಿದ್ವಿ. ಮೂವತ್ತೆರಡಕ್ಕೋ ಮೂವತ್ಮೂರಕ್ಕೋ ಮಂಡಿ ಹೋಯ್ತು ಅವರದ್ದು, ಆಮೇಲೆ ರಿಟೈರ್ ಆಗೋವರ್ಗೂ ಕ್ಯಾಶ್ ಕೌಂಟರಲ್ಲಿ ಕೂತು ನೋಟು ಎಣಿಸಿದ್ರು. ಅವರ ಬಗ್ಗೆ ಯಾರಾದ್ರೂ ಬರೆದ್ರೆ ಆ ಕೌಂಟರ್ ಬಿಟ್ಟು ಹೆಂಗೆ ಬರೀತಾರೆ? ಆಟ ಆಡಿದ್ದು ಹತ್ತು ಹನ್ನೆರಡು ವರ್ಷ, ಕೌಂಟರ್‌ನಲ್ಲಿ ಕೂತಿದ್ದು ಇಪ್ಪತ್ತೇಳು. ಟೇಲರ್‌ದೂ ಇದೇ ಲೆಕ್ಕ, ಆಟ 1921ಕ್ಕೆ ಹೆಚ್ಚು ಕಮ್ಮಿ ಮುಗೀತು, ಇಮಿಗ್ರೇಷನ್ ಇಲಾಖೆಯಿಂದ ಅವನು ರಿಟೈರ್ ಆಗಿದ್ದು 1950ರಲ್ಲಿ, ಅಷ್ಟೊತ್ತಿಗೆ ಬ್ರಿಟಿಷ್ ಕೊಲಂಬಿಯಾ ಮತ್ತೆ ಯೂಕಾನ್‌ಗೆ ಅವನೇ ಕಮಿಷನರ್.

ಒಟ್ಟಾವಾದಲ್ಲಿ ಅವನು ಆಡ್ತಿದ್ದ ಸ್ಥಾನ ಕವರ್ ಪಾಯಿಂಟ್, ಅಂದ್ರೆ ಡಿಫೆನ್ಸ್, ಆದ್ರೆ ಪಕ್, ಅಂದ್ರೆ ಚೆಂಡಿನ ಬದ್ಲು ಇರೋ ರಬ್ಬರ್ ಬಿಲ್ಲೆ, ಸಿಕ್ಕಿದ್ರೆ ಈ ತುದಿಯಿಂದ ಆ ತುದಿಗೆ ಒಬ್ಬನೇ ತಗೊಂಡು ಹೋಗ್ತಿದ್ದ. ಆ ಸ್ಪೀಡ್ ನೋಡಿ ಗವರ್ನರ್ ಜನರಲ್ ಅರ್ಲ್ ಗ್ರೇ ‘ಸೈಕ್ಲೋನ್’ ಅಂದ ಅಂತ ಒಂದು ಕತೆ ಇದೆ, ನಿಮ್ಮ ಬರಹದಲ್ಲೂ ಅದು ಬಂದಿದೆ. 1909ರಲ್ಲಿ ಒಟ್ಟಾವಾಗೆ ಸ್ಟ್ಯಾನ್ಲಿ ಕಪ್ ಬಂತು. ಅದೇ ವರ್ಷದ ಕೊನೇಲಿ ರೆನ್‌ಫ್ರೂ ಅನ್ನೋ ಪುಟ್ಟ ಊರಿನ ಓಬ್ರಿಯನ್ ಅನ್ನೋ ಶ್ರೀಮಂತರು, ಬೆಳ್ಳಿ ಗಣಿ ರೈಲ್ವೆ ಕಂಟ್ರಾಕ್ಟು ಅಂತ ದುಡ್ಡು ಮಾಡಿದ್ದೋರು, ನಮ್ಮೂರಿಗೂ ಆ ಕಪ್ ಬರ್ಬೇಕು ಅಂತ ಹಟ ಹಿಡಿದು 12 ಪಂದ್ಯಕ್ಕೆ 5,250 ಡಾಲರ್ ಕೊಟ್ಟು ಇವನನ್ನ ಎಳ್ಕೊಂಡ್ರು. ಆ ಟೀಮಿನ ಹೆಸರು ಕ್ರೀಮರಿ ಕಿಂಗ್ಸ್, ನಮ್ಮಲ್ಲಿ ಹಾಲಿನ ಡೇರಿ ತಂಡ ಅಂದ ಹಾಗೆ, ಜನ ಮಾತ್ರ ಮಿಲಿಯನೇರ್ಸ್ ಅಂತ ಆಡ್ಕೊಳ್ತಿದ್ರು. ಕಪ್ ಮಾತ್ರ ಬರ್ಲೇ ಇಲ್ಲ. ಆ ಹಿಮ್ಮುಖ ಗೋಲ್ ಇದ್ಯಲ್ಲ, ಅದು ಈ ಕಾಲದ್ದೇ, ಒಟ್ಟಾವಾದೋರ ಮುಂದೆ ನಾನು ಹಿಂದಕ್ಕೆ ಸ್ಕೇಟ್ ಮಾಡ್ಕೊಂಡೇ ಗೋಲ್ ಹೊಡೀತೀನಿ ಅಂತ ಜಂಬ ಕೊಚ್ಚಿಕೊಂಡ, ಮೊದ್ಲ ಸಲ ಆಗ್ಲಿಲ್ಲ, 1910ರ ಮಾರ್ಚ್‌ನಲ್ಲಿ ರೆನ್‌ಫ್ರೂದಲ್ಲೇ ಒಟ್ಟಾವಾನ 17-2ರಿಂದ ಬಡಿದಾಗ ಹೊಡೆದ ಅಂತಾರೆ. ಪೂರ್ತಿ ಹಿಂದಕ್ಕೇ ಹೋದ್ನಾ, ಸ್ವಲ್ಪ ದೂರ ಹೋಗಿ ತಿರುಗಿ ಹೊಡೆದ್ನಾ ಅಂತ ಇವತ್ತಿಗೂ ಜಗಳ ಇದೆ. ನಿಮ್ಮ ಬರಹದಲ್ಲಿ ಈ ಒಂದು ಗೋಲಿಗೇ ಎರಡು ಪ್ಯಾರಾ ಕೊಟ್ಟಿದೀರಿ.

ರೆನ್‌ಫ್ರೂ ಟೀಮ್ ಎರಡೇ ಸೀಸನ್‌ಗೆ ಬಾಗಿಲು ಹಾಕ್ತು. ಅಲ್ಲಿ ಅವನ ಜೊತೆ ಆಡಿದ್ದ ಲೆಸ್ಟರ್ ಮತ್ತೆ ಫ್ರಾಂಕ್ ಪ್ಯಾಟ್ರಿಕ್ ಅನ್ನೋ ಅಣ್ಣತಮ್ಮಂದಿರು ಅಪ್ಪನ ಮರದ ವ್ಯಾಪಾರದ ದುಡ್ಡು ಹಾಕಿ ಪಶ್ಚಿಮ ಕರಾವಳಿಯಲ್ಲಿ ಹೊಸ ಲೀಗೇ ಕಟ್ಟಿದ್ರು. ಅಲ್ಲಿ ಚಳಿ ಕಮ್ಮಿ, ತಾನಾಗೇ ಐಸ್ ಕಟ್ಟಲ್ಲ, ಅದಕ್ಕೆ ಮಷೀನ್‌ನಿಂದ ಐಸ್ ಮಾಡೋ ರಿಂಕ್‌ಗಳನ್ನ, ಅಂದ್ರೆ ಆಡೋ ಐಸ್ ಅಂಗಳಗಳನ್ನ, ಕೆನಡಾದಲ್ಲಿ ಮೊದಲ ಸಲ ಕಟ್ಟಿದ್ದೂ ಇವರೇ. ವ್ಯಾಂಕೂವರ್‌ನ ಡೆನ್‌ಮನ್ ಅರೀನಾದಲ್ಲಿ 10,500 ಜನ ಕೂರ್ಬೋದಿತ್ತು, ಆಗ ಊರಿನ ಜನಸಂಖ್ಯೆನೇ ಒಂದು ಲಕ್ಷದ ಆಸುಪಾಸು ಅಂದ್ರೆ ನೀವೇ ಲೆಕ್ಕ ಹಾಕಿ. 1912ರಲ್ಲಿ ಟೇಲರ್ ಅಲ್ಲಿಗೆ ಬಂದ. ಬಂದಿದ್ದು ಹೆಂಗೆ? ಇಲಾಖೆಯೋರು ಟ್ರಾನ್ಸ್‌ಫರ್ ಕೊಟ್ರು. ಬೇಸಿಗೇಲಿ ಬಂದರಲ್ಲಿ ಹಡಗಿನ ಡ್ಯೂಟಿ, ಚಳಿಗಾಲದಲ್ಲಿ ಸಂಜೆ ಐಸ್ ಮೇಲೆ. ಇಲ್ಲಿ ಡಿಫೆನ್ಸ್ ಬಿಟ್ಟು ರೋವರ್ ಆದ, ಆ ಕಾಲಕ್ಕೆ ಪಶ್ಚಿಮದಲ್ಲಿ ಒಂದು ಕಡೆಗೆ ಏಳು ಜನ ಆಡ್ತಿದ್ರು, ಆ ಏಳನೇ ಆಳಿಗೆ ಇಂಥದ್ದೇ ಜಾಗ ಅಂತಿಲ್ಲ, ಎಲ್ಲಿ ಬೇಕಾದ್ರೂ ಹೋಗ್ಬೋದು. ಅವನಿಗೆ ಹೇಳಿ ಮಾಡಿಸಿದ ಕೆಲಸ. ಆ ಲೀಗಲ್ಲಿ ಐದು ಸಲ ಸ್ಕೋರಿಂಗ್‌ನಲ್ಲಿ ಅವನೇ ಫಸ್ಟ್, 1917-18ರಲ್ಲಿ 18 ಪಂದ್ಯಕ್ಕೆ 32 ಗೋಲ್.

ಈಗ 1914. ಮಾರ್ಚ್‌ನಲ್ಲಿ ಟೇಲರ್ ಮದುವೆ ಆದ, ಹುಡುಗಿ ಥರ್ಜಾ ಅಂತ, ಒಟ್ಟಾವಾದಲ್ಲಿದ್ದಾಗಿಂದ ಪರಿಚಯ. ಮೇ 23ನೇ ತಾರೀಕು ವ್ಯಾಂಕೂವರ್ ಬಂದರಿಗೆ ಕೋಮಗಾಟ ಮಾರು ಅನ್ನೋ ಜಪಾನೀ ಹಡಗು ಬಂದು ನಿಲ್ತು. ನಿಮ್ಮ ಓದುಗರಲ್ಲಿ ಸ್ಕೂಲ್ ಪುಸ್ತಕದಲ್ಲಿ ಗದರ್ ಪಾರ್ಟಿ ಚಾಪ್ಟರ್‌ನಲ್ಲಿ ಈ ಹೆಸರು ಓದಿದೋರು ತುಂಬ ಜನ ಇರ್ತಾರೆ, ನಾನೂ ಪರೀಕ್ಷೆಗೆ ಉರು ಹೊಡೆದು ಮರ್ತಿದ್ದೆ. ಗುರ್ದಿತ್ ಸಿಂಗ್ ಅನ್ನೋರು ಬಾಡಿಗೆಗೆ ತಗೊಂಡಿದ್ದ ಹಡಗು, 376 ಜನ, ಹೆಚ್ಚುಕಮ್ಮಿ ಎಲ್ಲಾ ಪಂಜಾಬಿನೋರು, ಅದರಲ್ಲಿ 340 ಜನ ಸಿಖ್ಖರು. ಕೆನಡಾದ ರೂಲ್ ಏನಂದ್ರೆ ಹೊರಟ ದೇಶದಿಂದ ನೇರವಾಗಿ ಎಲ್ಲೂ ನಿಲ್ಲದೇ ಬರ್ಬೇಕು, ಮೇಲಿಂದ ಏಷ್ಯಾದೋರಾದ್ರೆ ಕೈಯಲ್ಲಿ 200 ಡಾಲರ್ ಇರ್ಬೇಕು. ಇಂಡಿಯಾದಿಂದ ಅಲ್ಲಿಗೆ ನೇರ ಹಡಗೇ ಇರ್ಲಿಲ್ಲ! ಬರಬೇಡಿ ಅಂತ ಬಾಯಿಬಿಟ್ಟು ಹೇಳೋ ಬದ್ಲು ಬರೋಕಾಗದ ಹಾಗೆ ರೂಲ್ ಬರೆದಿಟ್ಟಿದ್ರು, ನಮ್ಮ ಸಾಲದ ಅರ್ಜಿಗಳಲ್ಲಿ ಇಂಥ ಕಂಡೀಷನ್ ನಾನೂ ನೋಡಿದೀನಿ ಅದಿರ್ಲಿ. ಆ ಹಡಗಿಗೆ ಮೊದಲು ಹತ್ತಿದ ಇಮಿಗ್ರೇಷನ್ ಅಧಿಕಾರಿಗಳಲ್ಲಿ ಒಬ್ಬ ನಮ್ಮ ಸೈಕ್ಲೋನ್ ಟೇಲರ್.

ಆಮೇಲೆ ಏನಾಯ್ತು ಅನ್ನೋದು ಇತಿಹಾಸದಲ್ಲಿದೆ. ಎರಡು ತಿಂಗಳು ಆ ಜನ ದಡ ಕಣ್ಣಿಗೆ ಕಾಣ್ತಿದ್ರೂ ಇಳಿಯೋ ಹಾಗಿಲ್ಲ, ನೀರು ಊಟಕ್ಕೂ ಪರದಾಟ, ವ್ಯಾಂಕೂವರ್‌ನಲ್ಲಿದ್ದ ಸಿಖ್ಖರು ಚಂದಾ ಎತ್ತಿ ಕೋರ್ಟಿಗೆ ಹೋದ್ರು, ಕೇಸು ಬಿದ್ದೋಯ್ತು. ಜುಲೈ 19ಕ್ಕೆ ಸೀ ಲಯನ್ ಅನ್ನೋ ಟಗ್ ದೋಣೀಲಿ ಪೊಲೀಸರು, ಇಮಿಗ್ರೇಷನ್‌ನೋರು ಸೇರ್ಕೊಂಡು ಹಡಗನ್ನ ಬಲವಂತವಾಗಿ ಹಿಡಿಯೋಕೆ ಹೋದ್ರೆ ಮೇಲಿದ್ದೋರು ಕಲ್ಲಿದ್ದಲು ತೂರಿ ವಾಪಸ್ ಕಳ್ಸಿದ್ರು. ಕೊನೆಗೆ ರೈನ್‌ಬೋ ಅನ್ನೋ ಯುದ್ಧನೌಕೆ ತರಿಸಿ ಜುಲೈ 23ಕ್ಕೆ ಹೊರಡಿಸಿದ್ರು. ಇಳಿಯೋಕೆ ಬಿಟ್ಟಿದ್ದು ಎರಡು ಡಜನ್ ಜನಾನ ಮಾತ್ರ. ಸೆಪ್ಟೆಂಬರ್ ಕೊನೇಲಿ ಕೋಲ್ಕತ್ತಾ ಹತ್ರ ಬಜ್ ಬಜ್‌ನಲ್ಲಿ ಹಡಗು ನಿಂತಾಗ ಬ್ರಿಟಿಷ್ ಪೊಲೀಸರು ಗುಂಡು ಹಾರಿಸಿ ಸುಮಾರು 20 ಜನ ಸತ್ರು.

ಇದನ್ನೆಲ್ಲಾ ಟೇಲರ್ ತಲೆಗೆ ಕಟ್ತಿಲ್ಲ ನಾನು, ದಯವಿಟ್ಟು ಹಂಗೆ ಓದ್ಬೇಡಿ. ಅಲ್ಲಿ ಇಲಾಖೆ ಮುಖ್ಯಸ್ಥ ಮ್ಯಾಲ್ಕಮ್ ರೀಡ್ ಅನ್ನೋನು, ಅವನ ಬೆನ್ನಿಗೆ ಸ್ಟೀವನ್ಸ್ ಅನ್ನೋ ಎಂಪಿ, ಅವರ ಹಿಂದೆ ಒಟ್ಟಾವಾ ಸರ್ಕಾರ, ಟೇಲರ್ ಮೇಲಿನೋರು ಹೇಳಿದ ಹಾಗೆ ಕೆಲಸ ಮಾಡೋ ಮಟ್ಟದ ನೌಕರ. ನಾನೂ ಮೇಲಿಂದ ಬಂದ ಸರ್ಕ್ಯುಲರ್ ನೋಡ್ಕೊಂಡು ಎಷ್ಟೋ ಜನ ಬಡ ರೈತರ ಅರ್ಜಿ ವಾಪಸ್ ಕಳಿಸಿದೋನೇ, ನನ್ನ ಟೇಬಲ್ ಮುಂದೆ ಟವಲ್ ಕಂಕುಳಲ್ಲಿ ಇಟ್ಕೊಂಡು ನಿಂತಿರ್ತಿದ್ದ ಅವರ ಮುಖ ಈಗ್ಲೂ ಒಂದೊಂದ್ಸಲ ನೆನಪಾಗತ್ತೆ. ಹಂಗಂತ ನನ್ನ ನೌಕರಿ ಕತೆ ಹೇಳೋವಾಗ ಆ ಟೇಬಲ್ ಮುಚ್ಚಿಟ್ಟು ಬರೀ ಪ್ರಮೋಷನ್ ಹೇಳೋಕಾಗತ್ತಾ? ನೀವು ಮಾಡಿರೋದು ಅದೇ. 1915ರ ಮಾರ್ಚ್‌ನಲ್ಲಿ ಡೆನ್‌ಮನ್ ಅರೀನಾದಲ್ಲಿ ಒಟ್ಟಾವಾನ 6-2, 8-3, 12-3 ಅಂತ ಮೂರಕ್ಕೆ ಮೂರೂ ಸೋಲಿಸಿ ಕಪ್ ಗೆದ್ದಿದ್ದನ್ನ ಚೆನ್ನಾಗಿ ಬಣ್ಣಿಸಿದೀರಿ, ಇದಕ್ಕೆ ಎಂಟು ತಿಂಗಳ ಹಿಂದೆ ಇದೇ ರಿಂಕ್‌ನ ಮುಂದಿದ್ದ ನೀರಲ್ಲಿ ಏನಾಗಿತ್ತು ಅನ್ನೋದು ಎಲ್ಲೂ ಇಲ್ಲ.

‘ಇದೇ ರಿಂಕ್‌ನ ಮುಂದೆ’ ಅಂತ ಸುಮ್ನೆ ಹೇಳ್ತಿಲ್ಲ ಸರ್, ನಾನು ನಡ್ಕೊಂಡು ಹೋಗಿ ನೋಡಿದೀನಿ. ವ್ಯಾಂಕೂವರ್‌ನ ಕೋಲ್ ಹಾರ್ಬರ್ ದಡದಲ್ಲಿ ಕೋಮಗಾಟ ಮಾರು ಸ್ಮಾರಕ ಇದೆ, 2012ರಲ್ಲಿ ಮಾಡಿದ್ದು, ಹಡಗಲ್ಲಿದ್ದ ಪ್ರಯಾಣಿಕರ ಹೆಸರುಗಳು ಅದರಲ್ಲಿವೆ. ಸಿಂಗ್, ಸಿಂಗ್, ಸಿಂಗ್, ನಡುವೆ ಒಂದೊಂದು ಖಾನ್, ಒಂದೊಂದು ರಾಮ್. ಅವತ್ತು ಸಣ್ಣ ಮಳೆ ಬೇರೆ, ಹೆಸರುಗಳ ಮೇಲೆ ನೀರು ಇಳೀತಿತ್ತು, ಕನ್ನಡಕ ಒರೆಸ್ಕೊಂಡು ಒರೆಸ್ಕೊಂಡು ಓದ್ದೆ. ಅಲ್ಲಿಂದ ಸಮುದ್ರದ ಪಕ್ಕದ ದಾರೀಲೇ ಸ್ಟ್ಯಾನ್ಲಿ ಪಾರ್ಕ್ ಕಡೆಗೆ ನನ್ನಂಥ ಮುದುಕನ ನಡಿಗೇಲಿ ಇಪ್ಪತ್ತು ನಿಮಿಷ ಹೋದ್ರೆ ಡೆನ್‌ಮನ್ ರಸ್ತೆ ಬಂದು ಸೇರೋ ಜಾಗದಲ್ಲಿ ಒಂದು ಹುಲ್ಲಿನ ಪಾರ್ಕ್ ಸಿಗತ್ತೆ, ಅರೀನಾ ಇದ್ದಿದ್ದು ಅಲ್ಲೇ, 1936ರಲ್ಲಿ ಬೆಂಕಿ ಬಿದ್ದು ಹೋಯ್ತು. ಈಗ ಬಾತುಕೋಳಿ ಓಡಾಡ್ತಿರ್ತವೆ, ಜನ ನಾಯಿ ಕರ್ಕೊಂಡು ಬರ್ತಾರೆ. ಮೊಮ್ಮಗ ಜೊತೇಲಿದ್ದ, ಅವನಿಗೆ ಹಡಗಿನ ಕತೆ ಹೇಳ್ಕೊಂಡೇ ನಡೆದಿದ್ದೆ. ಬೆಂಚ್ ಮೇಲೆ ಕೂತು ಚಿಪ್ಸ್ ತಿಂತಾ ‘ತಾತ, ಅವ್ನು ಹಡಗಿಗೆ ಹತ್ತಿದಾಗ ಅಲ್ಲಿರೋರಿಗೆ ಅವ್ನು ಸೈಕ್ಲೋನ್ ಅಂತ ಗೊತ್ತಿತ್ತಾ?’ ಅಂತ ಕೇಳ್ದ. ಪಂಜಾಬಿನ ಹಳ್ಳಿಯಿಂದ ಬಂದ ರೈತರಿಗೆ, ಸೈನ್ಯದಿಂದ ರಿಟೈರ್ ಆದೋರಿಗೆ ಐಸ್ ಹಾಕಿ ಅಂದ್ರೇನು ಅಂತಾನೂ ಗೊತ್ತಿರ್ಲಿಕ್ಕಿಲ್ಲ ಅಂದೆ. ಅವರಿಗೆ ಕಂಡಿದ್ದು ಯೂನಿಫಾರ್ಮ್ ಒಂದೇ ಇರ್ಬೇಕು. ಹುಡುಗ ಇನ್ನೊಂದು ಚಿಪ್ಸ್ ಬಾಯಿಗೆ ಹಾಕ್ಕೊಂಡ, ಮುಂದಕ್ಕೇನೂ ಕೇಳ್ಲಿಲ್ಲ.

ಕೆನಡಾದೋರೇ ಇದನ್ನ ಮುಚ್ಚಿಟ್ಟಿಲ್ಲ ಅನ್ನೋದು ಇನ್ನೊಂದು. 2016ರ ಮೇ 18ಕ್ಕೆ ಅವರ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೋ ಪಾರ್ಲಿಮೆಂಟಲ್ಲೇ ನಿಂತು ಕೋಮಗಾಟ ಮಾರು ವಿಷಯಕ್ಕೆ ಕ್ಷಮೆ ಕೇಳಿದ್ರು. ಟೇಲರ್‌ಗೆ ಸಿಕ್ಕಿದ ಗೌರವಗಳನ್ನೆಲ್ಲಾ ನೀವೇ ಹಾಕಿದೀರಿ, 1946ರಲ್ಲಿ ಓಬಿಇ ಅನ್ನೋ ಬ್ರಿಟಿಷ್ ಬಿರುದು, 1947ರಲ್ಲಿ ಹಾಕಿ ಹಾಲ್ ಆಫ್ ಫೇಮ್. ಆ ಓಬಿಇ ಬಂದಿದ್ದು ಹಾಕಿಗಲ್ಲ ಸರ್, ಇಮಿಗ್ರೇಷನ್ ಕೆಲಸಕ್ಕೆ. ಪ್ರಶಸ್ತಿ ಹಾಕೋಕೆ ಜಾಗ ಇತ್ತು, ಅದು ಬಂದ ಕೆಲಸದ ಬಗ್ಗೆ ಎರಡು ಸಾಲಿಗೆ ಜಾಗ ಇರ್ಲಿಲ್ವಾ? 1979ರ ಜೂನ್‌ನಲ್ಲಿ 94ನೇ ವಯಸ್ಸಲ್ಲಿ ತೀರ್ಕೊಂಡ ಮನುಷ್ಯ, ಅಷ್ಟು ಉದ್ದದ ಜೀವನದಲ್ಲಿ ನೀವು ಆರಿಸ್ಕೊಂಡಿದ್ದು ಆ ಹಿಮ್ಮುಖ ಗೋಲ್. ಬೇರೆ ಭಾಷೆ ಪೇಪರ್‌ನೋರು ಬಿಟ್ರೆ ಬಿಡ್ಲಿ, ನಮ್ಮ ದೇಶದ ಪೇಪರ್ ನಮ್ಮ ಓದುಗರಿಗೆ ಬರೆಯೋವಾಗ ಬಿಡೋದು ಸರಿ ಅನ್ನಿಸ್ಲಿಲ್ಲ. ಮುಂದಿನ ಭಾನುವಾರ ಅದೇ ಜಾಗದಲ್ಲಿ ನಾಲ್ಕು ಸಾಲು ಸೇರಿಸಿ ಹಾಕಿದ್ರೆ ಸಾಕು, ಕ್ಷಮೆ ಗಿಮೆ ಏನೂ ಬೇಡ.

ಹಾಗೇ ಒಂದು ತಿದ್ದುಪಡಿ. ಫೋಟೋ ಕೆಳಗೆ ‘ಎನ್‌ಎಚ್‌ಎಲ್‌ನ ಮೊದಲ ತಾರೆ’ ಅಂತ ಹಾಕಿದೀರಿ. ಎನ್‌ಎಚ್‌ಎಲ್ ಅನ್ನೋ ಇವತ್ತಿನ ದೊಡ್ಡ ಐಸ್ ಹಾಕಿ ಲೀಗ್ ಶುರು ಆಗಿದ್ದೇ 1917ರ ನವೆಂಬರ್‌ನಲ್ಲಿ, ಆಗ ಟೇಲರ್ ವ್ಯಾಂಕೂವರ್‌ನಲ್ಲಿದ್ದ, ಕೊನೇವರೆಗೂ ಅಲ್ಲೇ ಇದ್ದ. 1918ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಎನ್‌ಎಚ್‌ಎಲ್‌ನ ಟೊರಾಂಟೋ ಟೀಮಿನ ಎದುರು ಐದು ಪಂದ್ಯದಲ್ಲಿ 9 ಗೋಲ್ ಹೊಡೆದು 3-2ರಿಂದ ಸೋತು ಬಂದ, ಅದು ಬಿಟ್ರೆ ಆ ಲೀಗಿಗೂ ಅವನಿಗೂ ಸಂಬಂಧ ಇಲ್ಲ, ಎನ್‌ಎಚ್‌ಎಲ್‌ನಲ್ಲಿ ಅವನು ಒಂದು ಪಂದ್ಯಾನೂ ಆಡಿಲ್ಲ.

ಇಂತಿ ನಿಮ್ಮ ಹಳೇ ಓದುಗ,
ನಿವೃತ್ತ ಬ್ಯಾಂಕ್ ನೌಕರ, ಮೈಸೂರು